ನನ್ನ ಕಾಡಿಗೆ ಊರವರ ತಿದ್ದುಪಡಿ

ಕೇಳದೆ ಸಿಗುವ ವಸ್ತುಗಳು ಲೋಕದಲ್ಲಿ ಎರಡೇ, ನೆಗಡಿ ಮತ್ತು ಸಲಹೆ. ನೆಗಡಿ ನನಗೆ ವರ್ಷಕ್ಕೆರಡು ಸಲ ಬರುತ್ತದೆ. ಸಲಹೆಗೆ ಅಂಥ ಕಟ್ಟುಪಾಡಿಲ್ಲ.

ದಾಂಡೇಲಿಯ ಮನೆಯಲ್ಲಿ ಕೂತು ಮೊಬೈಲ್ ಗೇಮುಗಳಿಗೆ ಲೆವೆಲ್ ಮಾಡುವುದು ನನ್ನ ಕೆಲಸ. ಆಡುವವರು ಎಲ್ಲಿ ನಡೆಯಬೇಕು, ಎಲ್ಲಿ ಗೋಡೆ, ಎಲ್ಲಿ ಹೊಂಡ ಎಂದು ತೀರ್ಮಾನಿಸುವವಳು ನಾನು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ಆ ಎರಡನೆಯ ದಾರಿಯನ್ನೂ ನಾನೇ ಹಾಕಬೇಕು. ಹಳಿಯಾಳದ ಅತ್ತೆಗೆ ಇದನ್ನು ಬಿಡಿಸಿ ಹೇಳಿದೆ.

"ಅಂದ್ರ ಮಂದೀನ ಹೊಂಡದಾಗ ಬೀಳ್ಸಾಕ ನಿನಗ ಪಗಾರ ಕೊಡ್ತಾರ?" ಎಂದರು. "ನಮ್ಮ ಓಣ್ಯಾಗ ಪುಕ್ಕಟೆ ಬೀಳಸ್ತಾರವಾ."

ನಾಲ್ಕು ವರ್ಷ ಬೇರೆಯವರ ಲೆವೆಲ್‌ಗಳಲ್ಲಿ ಬರೀ ಪೆಟ್ಟಿಗೆ, ಬ್ಯಾರಲ್ ಜೋಡಿಸಿದ ಮೇಲೆ ಈ ಸಲ ನನಗೊಂದು ಇಡೀ ಕಾಡಿನ ಲೆವೆಲ್ ಸಿಕ್ಕಿತು. ಎರಡು ಸಲ ಕಳಿಸಿದೆ, ಎರಡು ಸಲವೂ ವಾಪಸು ಬಂತು. ಮೂರನೆಯ ಸಲವೂ ಬಂದರೆ ಕಾಡು ಬೇರೆಯವರ ಕೈಗೆ, ನೀವು ಮತ್ತೆ ಪೆಟ್ಟಿಗೆಗೆ ಎಂದು ನಮ್ಮ ಲೀಡ್, ಅಂದರೆ ತಂಡದ ಮುಖ್ಯಸ್ಥರು, ನಗುನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

೧. ಕಾಡಿನಂತಿಲ್ಲದ ಕಾಡು

ಲೀಡ್ ಇರುವುದು ಮೈಸೂರಿನಲ್ಲಿ. ನಮ್ಮ ಭೇಟಿಯೆಲ್ಲ ವಿಡಿಯೊ ಕಾಲ್‌ನಲ್ಲಿ. ನನ್ನ ಲೆವೆಲ್ ನೋಡಿದವರೇ, "ಮರ ಎಲ್ಲಾ ಚೆನ್ನಾಗಿದೆ, ಆದ್ರೆ ಕಾಡು ಅನ್ನೋ ಫೀಲ್ ಬರ್ತಿಲ್ಲ" ಎಂದರು.

"ಸರ್, ಇದು ನಮ್ಮ ಕಿಟಕಿಯಿಂದ ಕಾಣೋ ಕಾಡು. ಹಂಗ ನೋಡಿ ಮಾಡೇನಿ."

"ಅದೇ ಪ್ರಾಬ್ಲಂ. ನಿಮಗೆ ರೆಫರೆನ್ಸ್ ಕಳಿಸ್ತೀನಿ."

ಕಳಿಸಿದರು. ಯಾವುದೋ ಚಳಿದೇಶದ ಮೊನಚು ಮರಗಳು, ಅವುಗಳ ಮೇಲೆ ಹಿಮ, ನಡುವೆ ಒಂದು ತಲೆಬುರುಡೆ. ಕಿಟಕಿಯಾಚೆ ನೋಡಿದೆ. ನಮ್ಮ ಸಾಗವಾನಿ ಮರಗಳು ತಪ್ಪೇ ಮಾಡದವರಂತೆ ನಿಂತಿದ್ದವು. ತಲೆಬುರುಡೆ ಇಲ್ಲದ ಕೊರತೆ ಅವಕ್ಕೆ ಇಷ್ಟು ವರ್ಷವಾದರೂ ಗೊತ್ತಾಗಿರಲಿಲ್ಲ.

೨. ಕಳ್ಳಮಾಲು

ಹೊಸದೇನಾದರೂ ಕಣ್ಣಿಗೆ ಬೀಳಲಿ ಎಂದು ಕಟ್ಟಿಗೆ ಡಿಪೋದ ಬೇಲಿಯ ಹೊರಗೆ ನಿಂತು ದಿಮ್ಮಿಗಳ ಫೋಟೊ ತೆಗೆಯುತ್ತಿದ್ದೆ. ಕಾವಲುಗಾರರು ಬಂದರು.

"ಏನ್ ಅಕ್ಕಾರ, ಕಟ್ಟಿಗಿ ಫೋಟೊ ಯಾಕ ಬೇಕ್ರಿ?"

ಗೇಮಿಗೆ ಎಂದರೆ ನಂಬಲಿಲ್ಲ. ಫೋನಿನಲ್ಲಿ ನನ್ನ ಲೆವೆಲ್ ತೆರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ಒಂದೊಂದೇ ದಿಮ್ಮಿಯನ್ನು ಪರೀಕ್ಷಿಸಿದರು. ಲೀಡ್ ಕೂಡ ಅಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ.

"ಇದರ ಮ್ಯಾಲ ನಂಬರ್ ಎಲ್ಲೈತ್ರಿ? ಅರಣ್ಯ ಇಲಾಖೆಯವರು ಸುತಗೀಲೆ ಹೊಡದ ಗುರುತು ಎಲ್ಲೈತಿ?"

"ಗೇಮ್‌ನಾಗ ಅದೆಲ್ಲಾ ಇರಂಗಿಲ್ರಿ."

"ಹಂಗಂದ್ರ ಇದೆಲ್ಲಾ ಕಳ್ಳಮಾಲರೀ" ಎಂದು ಫೋನನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟರು, ತಾವು ಮುಟ್ಟಿದ್ದಕ್ಕೆ ಸಾಕ್ಷಿ ಇರಬಾರದು ಎನ್ನುವಂತೆ.

ಮನಸ್ಸು ತಡೆಯಲಿಲ್ಲ. ಮನೆಗೆ ಬಂದು ಪ್ರತಿ ದಿಮ್ಮಿಗೂ ನಂಬರ್ ಹಾಕಿದೆ. ಆಮೇಲೆ ಅದನ್ನು ಆಡಿ ನೋಡಿದ ಮೂವರೂ ಆ ನಂಬರುಗಳನ್ನು ಗುಟ್ಟಿನ ಸಂಖ್ಯೆಯೆಂದು ಚೀಟಿಯಲ್ಲಿ ಬರೆದುಕೊಂಡು, ಲೆವೆಲ್‌ನ ಕೊನೆಯಲ್ಲಿರುವ ಕೋಟೆಯ ಬಾಗಿಲಿನ ಬೀಗ ತೆಗೆಯಲು ಸಂಜೆಯವರೆಗೆ ಒದ್ದಾಡಿದರು. ಆ ಬಾಗಿಲಿಗೆ ನಾನು ಬೀಗವನ್ನೇ ಹಾಕಿರಲಿಲ್ಲ, ತಳ್ಳಿದ್ದರೆ ಸಾಕಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕಷ್ಟವೆಂದರೆ, ಇಲ್ಲಿ ನೆಲ ಹಾಕಿದವಳೂ ನಾನೇ.

೩. ಪಾಳಾದ ಗೋಡೆ

ಕೋಟೆಗೆ ಹಳೆಯ ಗೋಡೆ ಬೇಕಿತ್ತು. ಮುಂಡಗೋಡ ಕಡೆ ಹೋದಾಗ ಪಾಳಾ ಎಂಬ ಊರಿನಲ್ಲಿ ರೈತರೊಬ್ಬರ ಮನೆಯ ಗೋಡೆ ಕಂಡೆ. ಪಾಚಿ, ಬಿರುಕು, ಉದುರಿದ ಮಣ್ಣು, ಒಳಗಿನ ಕಲ್ಲು ಎಲ್ಲ ಹದವಾಗಿ ಸೇರಿದ್ದವು. ನಾನು ಗೋಡೆಯ ಮುಂದೆ ಕೈಮುಗಿಯುವುದೊಂದು ಬಾಕಿ. ಆದರೆ ಹೊತ್ತು ಮುಳುಗಿತ್ತು, ಬೆಳಕು ಸಾಲದು.

"ನಾಳೆ ಮುಂಜಾನೆ ಬಂದು ಈ ಗ್ವಾಡಿ ಫೋಟೊ ತಗೀಲೇನ್ರಿ?" ಎಂದು ಯಜಮಾನರನ್ನು ಕೇಳಿದೆ.

"ಅದಕ್ಕೇನ ಕೇಳ್ತೀರಿ, ನಿಮ್ಮ ಮನೀನ ಅನ್ಕೋರಿ. ಬರ್ರಿ."

ಹತ್ತಿರದ ಮಳಗಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬೆಳಿಗ್ಗೆ ಚಹಾ ಕೂಡ ಕುಡಿಯದೆ ಓಡಿ ಬಂದೆ. ಗೋಡೆ ಫಳಫಳ ಹೊಳೆಯುತ್ತಿತ್ತು. ನಸುಕಿನಲ್ಲೆದ್ದು ಮನೆಮಂದಿಯೆಲ್ಲ ಸೇರಿ ಬಿರುಕಿಗೆ ಮಣ್ಣು ತುಂಬಿ ಸುಣ್ಣ ಬಳಿದಿದ್ದರು. ಕೆಳಗೆ ಕೆಮ್ಮಣ್ಣಿನ ಪಟ್ಟಿ ಬೇರೆ.

"ಫೋಟೊದಾಗ ನಮ್ಮ ಮರ್ಯಾದಿ ಹೋಗಬಾರದಲ್ರಿ" ಎಂದರು ಯಜಮಾನರು, ಕೈಯ ಸುಣ್ಣ ಒರೆಸಿಕೊಳ್ಳುತ್ತ.

ಅಳಬೇಕೆನಿಸಿತು, ನಕ್ಕೆ. ಅವರ ಪ್ರೀತಿಗೆ ಬೇರೇನು ಮಾಡಲಿ? ಹಿತ್ತಲಲ್ಲಿ ಇನ್ನೊಂದು ಗೋಡೆ ಹಾಗೇ ಉಳಿದಿದೆ ಎಂದು ಅವರ ಹೆಂಡತಿ ಮೆಲ್ಲಗೆ ಹೇಳಿದ್ದೇ ತಡ, ಕ್ಯಾಮೆರಾ ಹಿಡಿದು ಓಡಿದೆ. "ತಡೀರಿ ಅಕ್ಕಾರ, ತಡೀರಿ!" ಎನ್ನುತ್ತ ಯಜಮಾನರು ಸುಣ್ಣದ ಬಕೆಟ್ ಹಿಡಿದು ನನ್ನ ಹಿಂದೆ ಓಡಿ ಬಂದರು. ಒಂದೇ ಒಂದು ಫೋಟೊ ಸಿಕ್ಕಿತು, ಅದರ ಮೂಲೆಯಲ್ಲಿ ಕುಂಚ ಇದೆ.

೪. ಮಾವಶಿಯ ಆಟ

ಕೊನೆಯ ಪರೀಕ್ಷೆಯ ದಿನ ಬಂತು. ನಮ್ಮ ಕಂಪನಿಯ ನಿಯಮ ಹೀಗಿದೆ: ಗೇಮನ್ನು ಎಂದೂ ನೋಡದವರೊಬ್ಬರು ಆಡಬೇಕು, ಮಾಡಿದವರು ಪಕ್ಕದಲ್ಲಿದ್ದೂ ತುಟಿ ಬಿಚ್ಚಬಾರದು. ಮೈಸೂರಿನಿಂದ ಲೀಡ್ ಮತ್ತು ಕಂಪನಿ ನಡೆಸುವ ಮೇಡಂ ಇಬ್ಬರೂ ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದರು. ಆಡಲು ಒಪ್ಪಿದ್ದ ಗೆಳತಿ ಬಸ್ ತಪ್ಪಿ ಹಳಿಯಾಳದಲ್ಲಿಯೇ ಉಳಿದಳು. ಅಷ್ಟರಲ್ಲಿ ಜೋಯಿಡಾದ ಕಡೆಯಿಂದ ವಾರಕ್ಕೊಮ್ಮೆ ಗೆಣಸು ಮಾರಲು ಬರುವ ಮುದುಕಿ, ನಾವೆಲ್ಲ ಮಾವಶಿ ಅಂದರೆ ಚಿಕ್ಕಮ್ಮ ಎಂದು ಕರೆಯುವವಳು, ಬಾಗಿಲಿಗೆ ಬಂದಳು. ಬುಟ್ಟಿ ಇಳಿಸಿಕೊಂಡು, ನಡೆಯುವುದು ಹೇಗೆ, ತಿರುಗುವುದು ಹೇಗೆ ಎಂದಷ್ಟೇ ಕಲಿಸಿ ಫೋನ್ ಕೈಗಿಟ್ಟೆ.

ಆಟ ಶುರುವಾಗುವುದು ಜೋಯಿಡಾ ರಸ್ತೆಯದನ್ನೇ ನಕಲು ಮಾಡಿದ ಒಂದು ಬಸ್ ತಂಗುದಾಣದಿಂದ. ಅಂದಕ್ಕಾಗಿ ಇಟ್ಟದ್ದು, ಅಷ್ಟೇ. ಅಲ್ಲಿಂದ ಕಾಡು ಹೊಕ್ಕು, ಹುಲಿಯ ಜೊತೆ ಕಾದಾಡಿ, ಕೋಟೆ ಸೇರಬೇಕು. ಉಳಿದವರೆಲ್ಲ ಓಡುತ್ತಾರೆ. ಮಾವಶಿ ನಡೆದಳು. ಹತ್ತು ಹೆಜ್ಜೆಗೆ ನಿಂತಳು. ಮಣ್ಣಿನಲ್ಲಿ ನಾನು ಶೋಕಿಗೆ ಮೂಡಿಸಿದ್ದ ಹುಲಿ ಹೆಜ್ಜೆಯನ್ನು ಬಗ್ಗಿ ನೋಡಿದಳು.

"ಯವ್ವಾ, ಹೆಜ್ಜಿ ಹೊಸಾದು. ಈಗ ಹೋಗೇತಿ" ಎಂದವಳೇ ತಿರುಗಿ ತಂಗುದಾಣಕ್ಕೆ ಬಂದು ನಿಂತಳು. ಫೋನನ್ನು ಮಡಿಲಲ್ಲಿಟ್ಟು ಎಲೆ ಅಡಿಕೆಯ ಚೀಲ ಬಿಚ್ಚಿದಳು.

ಒಂದು ನಿಮಿಷವಾಯಿತು, ಮೂರಾಯಿತು. ನನ್ನ ಕಣ್ಣ ಮುಂದೆ ಪೆಟ್ಟಿಗೆ, ಬ್ಯಾರಲ್, ಪೆಟ್ಟಿಗೆ.

"ಏನ್ ಮಾಡ್ತಿದಾರೆ ಅವ್ರು?" ಎಂದರು ಲೀಡ್. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ, ನಿಯಮ ಅವರದೇ.

ಮಾವಶಿಯೇ ಉತ್ತರ ಕೊಟ್ಟಳು. "ಬಸ್ ಕಾಯಾಕ ಹತ್ತೇನಿ."

"ಅಜ್ಜಿ, ಇದ್ರಲ್ಲಿ ಬಸ್ ಇಲ್ಲ. ನೀವು ಹುಲಿ ಹತ್ರ ಹೋಗ್ಬೇಕು. ಅದೇ ಆಟ" ಎಂದರು ಲೀಡ್.

"ನೀ ಹೋಗಪ್ಪಾ" ಎಂದಳು ಮಾವಶಿ, ಎಲೆಗೆ ಸುಣ್ಣ ಹಚ್ಚುತ್ತ. "ನಾ ಇಲ್ಲೇ ಕುಂತಿರ್ತೇನಿ. ತಿರಗಿ ಬಂದ್ರ ಹೇಳು."

ಮೇಡಂ ನಗು ತಡೆಯಲಾರದೆ ಕ್ಯಾಮೆರಾ ಆಫ್ ಮಾಡಿದರು. ಮತ್ತೆ ಆನ್ ಆದಾಗ ಕಣ್ಣೊರೆಸಿಕೊಳ್ಳುತ್ತಿದ್ದರು. "ಹುಲಿ ಬರೋಕ್ಮುಂಚೆ ಹೆಜ್ಜೆಗೇ ಹೆದರಿದ ಆಟಗಾರರನ್ನ ನಾನು ನೋಡೇ ಇರ್ಲಿಲ್ಲ. ಕಾಡು ಅಷ್ಟು ನಿಜ ಅನ್ಸಿದೆ ಅವ್ರಿಗೆ. ಲೆವೆಲ್ ಪಾಸ್. ಆದ್ರೆ ಒಂದು ಬಸ್ ಹಾಕಿ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಖುಷಿಗೆ ಮಾವಶಿಯ ಬುಟ್ಟಿ ಎಡವಿದೆ, ಗೆಣಸೆಲ್ಲ ಕೋಣೆ ತುಂಬ ಉರುಳಿದವು. ಮೊದಲಿನಿಂದಲೂ ತಮಗೆ ಈ ಕಾಡು ಇಷ್ಟವಾಗಿತ್ತು ಎಂದು ಲೀಡ್ ಗಂಭೀರವಾಗಿ ಹೇಳಿ, "ಬಸ್ ಎಷ್ಟು ನಿಮಿಷಕ್ಕೆ ಬರ್ಬೇಕು?" ಎಂದು ಕೇಳಿದರು. ನಾನು ಮಾವಶಿಯ ಮುಖ ನೋಡಿದೆ.

ಅವಳು ಗೆಣಸು ಆರಿಸಿಕೊಳ್ಳುತ್ತಲೇ ಹೇಳಿದಳು: "ಲಗೂನ ಬಂದ್ರ ಅದು ಜೋಯಿಡಾ ಅಂತ ಯಾರೂ ನಂಬಂಗಿಲ್ಲ. ಮೊದಲ ಹುಲಿ ಬರಲಿ, ಆಮ್ಯಾಲ ಬಸ್ ಬರಲಿ."