ಖಾರದ ಗಿರಣ್ಯಾಗ ಸೀನು ಬಂದ್ರ

ಮನಿತನದ ಧಂದೇದಾಗ ನೌಕರಿ ಮಾಡೂದಂದ್ರ ದೊಡ್ಡ ಮನಿಗೆ ಸೊಸಿಯಾಗಿ ಹೋದಂಗ. ಕೆಲಸ ಗಿರಣ್ಯಾಗ, ತೀರ್ಮಾನ ಅಡಗಿಮನ್ಯಾಗ. ಗೋಕಾಕದ ಒಂದು ಮಸಾಲಿ ಖಾರದ ಗಿರಣಿಗೆ ನಾನು ಮ್ಯಾನೇಜರ್. ದಿನಾ ಮೇಲವಂಕಿಯಿಂದ ಬೈಕ್ ಮ್ಯಾಲ ಬರ್ತೀನಿ. ಕುಂತಲ್ಲೇ ಕುಂಡ್ರೂ ಮನಷ್ಯಾ ನಾನಲ್ಲ. ಆಗೂ ಕೆಲಸ ಇವತ್ತ ಆಗಬೇಕು, ಇಲ್ಲಾಂದ್ರ ನನಗ ಉಂಡದ್ದು ಕರಗೂದಿಲ್ಲ. ಅಂಥವನ್ನ ತಂದು ದೇವರು ಈ ಮನಿತನದ ಕೈಯಾಗ ಕೊಟ್ಟಾನ. ಹಿಂಗಾಗಿ ವಾರಕ್ಕೊಂದಾದ್ರೂ ಪ್ರಸಂಗ ಇದ್ದದ್ದ.

ಆಯಿ ಕಾಯ್ದೆ

ನಮ್ಮ ಸಾವಕಾರ್ರು ಮೂವರು ಅಣ್ಣತಮ್ಮಂದಿರು. ಮೂವರ ಮ್ಯಾಲ ಅವರ ತಾಯಿ, ಎಲ್ಲಾರಿಗೂ ಆಯಿ. ಒಳ್ಳೇ ಮಾತು ನಡದಾಗ ಯಾರರ ಸೀನಿದ್ರ ಅಪಶಕುನ, ಆ ಕೆಲಸ ಅಲ್ಲಿಗೇ ಬಿಡಬೇಕು ಅನ್ನೂದು ಆಯಿ ಕಾಯ್ದೆ. ಬ್ಯಾರೆ ಮನ್ಯಾಗ ಇದು ನಡದೀತು. ಹಗಲೆಲ್ಲಾ ಖಾರ ಕುಟ್ಟೂ ಮನ್ಯಾಗ ಹೆಂಗ ನಡೀಬೇಕು, ನೀವ ಹೇಳ್ರಿ.

ಹುಕ್ಕೇರಿ ಅಂಗಡಿಯವರು ಸಣ್ಣ ಪ್ಯಾಕೆಟ್ ಬೇಕು ಅಂತ ಗಂಟು ಬಿದ್ದಿದ್ರು. ನಾನು ನಮೂನಿ ಪ್ಯಾಕೆಟ್ ಹಿಡಕೊಂಡು ಹೋಗಿ, "ಸಾವಕಾರ್ರ, ಇದೊಂದು ಹೊಸಾದು..." ಅನ್ನೂದ್ರಾಗ ನಡುವಿನ ಸಾವಕಾರ್ರು ಸೀನಿದ್ರು. "ಮುಂದಿನ ವರ್ಷ ನೋಡೂಣು" ಅಂದ್ರು ದೊಡ್ಡ ಸಾವಕಾರ್ರು.

ಮುಂದಿನ ವರ್ಷ ಮತ್ತ ಕೇಳಿದೆ. ಆವಾಗ ಬಾಜೂಕ ನಿಂತಿದ್ದ ಗಿರಾಕಿ ಸೀನಿದ. ನನ್ನ ಪಿತ್ತ ನೆತ್ತಿಗೇರಿತು. "ಅವ ಹೊರಗಿನವ್ರಿ, ನಿಮ್ಮ ಮನ್ಯಾವ ಅಲ್ಲ" ಅಂದೆ.

"ಖರೆ" ಅಂದ್ರು ದೊಡ್ಡವರು. "ಆದ್ರ ಸೀನು ನಮ್ಮ ಖಾರದ್ದ ಐತಲ್ಲಪಾ."

ಮೂಡಲಗಿ ನೀರು

ಹಂಗಂತ ಇವರು ಕೆಟ್ಟ ಮಂದಿ ಅಲ್ಲ. ದಾನಕ್ಕ ಕೈ ಹಿಂದ ತಗಿಯೂದಿಲ್ಲ. ಮೂಡಲಗಿ ಬಸ್ ಸ್ಟ್ಯಾಂಡಿಗೆ ಕುಡಿಯೂ ನೀರಿನ ಟಾಕಿ ಕೊಡೂಣು ಅಂತ ಬೀಗರ ಮನ್ಯಾಗ ಉಣ್ಣಾಕ ಕುಂತಾಗ ಮಾತಾತು. ಪುಣ್ಯಾಕ್ಕ ಅವತ್ತ ಯಾರೂ ಸೀನಲಿಲ್ಲ.

ಸೀನಿನ ಬದಲಿ ದಾನ ಕೊಟ್ಟವರ ಹೆಸರಿನ ಬೋರ್ಡು ಬಂತು. ದೊಡ್ಡವರು, ನನ್ನ ಹೆಸರು ಮೊದಲ ಇರಲಿ ಅಂದ್ರು. ನಡುವಿನವರು, ಹಂಗಾದ್ರ ನನ್ನ ಅಕ್ಷರ ದಪ್ಪ ಇರಲಿ ಅಂದ್ರು. ಸಣ್ಣವರು ಬಣ್ಣಾ ಕೆಂಪ ಬೇಕಂದ್ರು. ಸೊಸ್ಯಾರು, ಮೊಮ್ಮಕ್ಕಳು, ತೀರಿಹೋದ ಹಿರ್ಯಾರು ಎಲ್ಲಾ ಸೇರಿ ಬೋರ್ಡು ಟಾಕಿಗಿಂತ ದೊಡ್ಡದಾತು. ನೀರು ಕುಡಿದ ಮಂದಿ ಅದರ ನೆರಳಿಗೇ ಬಸ್ ಕಾಯಾಕತ್ರು.

ಉದ್ಘಾಟನಾ ದಿನಾ ಒಬ್ಬ ಮುದುಕ ಸಾವಕಾರ್ರಿಗೇ ಕೇಳಿದ: "ಬೋರ್ಡ ಭಾಳ ಚಂದ ಐತ್ರಿ. ಅದಕ್ಕ ನಳಾ ಯಾಕ ಹಚ್ಚೀರಿ?"

ಶರಣರ ಮಾತು

ಕುಲಗೋಡದಿಂದ ಬಸ್ಸಿಗೆ ಬರೂ ಹೆಣ್ಣಾಳು ಒಬ್ಬಾಕಿ, ಎಲ್ಲಾರೂ ಕಾಕು ಅಂತೀವಿ, ನಮ್ಮ ಗಿರಣ್ಯಾಗ ಮೆಣಸಿನಕಾಯಿ ತೊಟ್ಟು ಬಿಡಸ್ತಾಳ. ಖಾರದ ಧೂಳು ಕುಡದು ಕುಡದು ಆಕಿ ಕೆಮ್ಮು ನಿಲ್ಲವಲ್ದು. ಒಂದಿನ ನನ್ನ ಮುಂದ ಬಂದು ನಿಂತ್ಲು.

"ಮೂಡಲಗಿ ಮಂದಿಗೆ ನೀರ ಕೊಟ್ರಿ, ಪುಣ್ಯಾ ಬರಲಿ. ನಮಗ ಒಂದೀಟ ಗಾಳಿ ಕೊಡಸ್ರಿ. ಡಾಕ್ಟರು ಈ ಕೆಲಸಾ ಬಿಡು ಅನ್ನಾಕತ್ತಾರ. ಬಿಟ್ರ ಮನಿ ಹೆಂಗ ನಡೀಬೇಕ್ರಿ?"

ದೊಡ್ಡವರ ಸೊಸಿ, ಕಲತ ಹುಡುಗಿ, ಧೂಳು ಎಳಕೊಳ್ಳೂ ಮಷೀನ್ ಒಂದನ್ನ ಕೊಲ್ಲಾಪುರದಾಗ ನೋಡಿಟ್ಟಿದ್ಲು. ಆಕಿ ಗಿರಣ್ಯಾಗ ಮಾತು ತಗದ್ಲು, ಮೂವರೂ ಸೀನಿದ್ರು. ಮನ್ಯಾಗ ತಗದ್ಲು, ಅಲ್ಲೂ ಸೀನಿದ್ರು. ಸಂಕೇಶ್ವರದಾಗ ನಂಟರಾದ ಪಾವಣ್ಯಾರ ಮನ್ಯಾಗ ತಗದ್ಲು. ದೊಡ್ಡವರು ಸೆಕಿ ಅಂತ ಹೆಗಲ ಮ್ಯಾಲಿನ ಖಾರದ ಧೂಳು ಕುಂತ ಟಾವೆಲ್ಲು ಝಾಡಿಸಿದ್ರು ನೋಡ್ರಿ, ಪಾವಣ್ಯಾರು ಮನಿಮಂದೆಲ್ಲಾ ಸೀನಿದ್ರು.

ಸೊಸಿ ಸೋತು ಅಂದ್ಲು: "ಶಕುನ ನಂಬಬ್ಯಾಡ್ರಿ ಅಂತ ಶರಣರ ಹೇಳ್ಯಾರಲ್ರಿ, ಮಾವಾರ."

"ಹೇಳ್ಯಾರವ್ವಾ. ಶರಣರಿಗೆ ಖಾರದ ಗಿರಣಿ ಇರಲಿಲ್ಲ."

ತರೂದಿಲ್ಲ ಅಂದ ದಿನ

ಕಡೀಕ ಕಾಕು, "ಸೋಮವಾರದಿಂದ ನಾ ಬರೂದಿಲ್ರಿ" ಅಂದ್ಲು. ಕಣ್ಣಾಗ ನೀರಿತ್ತು, ಖಾರದ್ದಲ್ಲ. ನನಗ ಒಳಗ ಹೊರಗ ಅಡ್ಡಾಡಿ ಅಡ್ಡಾಡಿ ಕಾಲು ನೋಯಾಕತ್ತಿದ್ವು. ಸೊಸಿ ಮಾತ್ರ ಸಮಾಧಾನದಿಂದ ಆಯಿನ್ನ, ಮೂವರು ಸಾವಕಾರ್ರನ್ನ ಕರದು ಓಡೂ ಗಿರಣಿ ಬಾಜೂಕ ಕುಂಡ್ರಿಸಿದ್ಲು.

"ಮಾವಾರ, ಮಷೀನ್ ಹಟಾ ಬಿಟ್ಟೇನ್ರಿ. ತರೂದಿಲ್ಲಂತ ಎಲ್ಲಾರ ಮುಂದ ನೀವ ಒಂದ ಮಾತು ಅಂದಬಿಡ್ರಿ. ಕಾಕೂಗೂ ಗೊತ್ತಾಗಲಿ."

ದೊಡ್ಡವರಿಗೆ ಭಾಳ ಖುಷಿ ಆತು. ಎದ್ದು ನಿಂತು, "ಎಲ್ಲಾರೂ ಕೇಳ್ರಿ. ಆ ಮಷೀನ್ ನಾವು ತರೂದ..." ಅಂದು ಸೀನಿದ್ರು. ಮೂಗು ಒರಸಿಕೊಂಡು ಮತ್ತ ಸುರು ಮಾಡಿದ್ರು. ಈ ಸಲ ತಮ್ಮಂದಿರೂ ಕೂಡಿ ಸೀನಿದ್ರು. ಇನ್ನೊಮ್ಮೆ ಬಾಯಿ ತಗಿಯೂದ್ರಾಗ ಆಯಿ ಕೈ ಎತ್ತಿದ್ಲು.

"ಸಾಕ ಬಿಡೋ ಯಪ್ಪಾ. ತರೂದಿಲ್ಲ ಅಂದ್ರ ಮನಿಗೆ ಕೇಡೈತಿ. ನಾಳೇನ ತರಸು."

ಮಷೀನ್ ಬಂತು. ಕಾಕು ಉಳದ್ಲು, ಕೆಮ್ಮೂ ಇಳದೈತಿ. ಗಿರಣ್ಯಾಗ ಈಗ ಸೀನಂದ್ರ ಅಪರೂಪ. ಸಣ್ಣ ಪ್ಯಾಕೆಟ್ಟೂ ಹುಕ್ಕೇರಿಗೆ ಹೊಂಟಾವು. ಮೊನ್ನೆ ಸೊಸಿ, "ಮಾವಾರ, ಹೆಣ್ಣಾಳುಗಳ ಪಗಾರ ಹೆಚ್ಚ ಮಾಡೂಣ್ರಿ" ಅಂದ್ಲು. ದೊಡ್ಡವರು ತಮ್ಮಂದಿರ ಮಾರಿ ನೋಡಿದ್ರು. ಯಾರೂ ಸೀನವಲ್ರು. ತಾವ ಮೂಗು ಏರಿಸಿ ನೋಡಿದ್ರು, ಬರಲಿಲ್ಲ. ಸಾವಕಾಶ ಕಿಸೇಕ ಕೈ ಹಾಕಿ ನಶ್ಯದ ಡಬ್ಬಿ ತಗದ್ರು.

ಕಾಕು ತೊಟ್ಟು ಬಿಡಸ್ಕೋತ ಸೊಸಿಗೆ ಅಂದ್ಲು: "ಅಕ್ಕಾರ, ಇನ್ನೊಂದ ಮಷೀನ್ ತರಸ್ರಿ. ಸಾವಕಾರ್ರ ಕಿಸೇಕ ಕೂಡಸೂಣು."