ಎಡಕ್ಕೆ ನಿಂತ ಕತ್ತು

ಇಷ್ಟೆಲ್ಲಾ ರಾದ್ಧಾಂತಕ್ಕೆ ಮೂಲ ಒಂದು ದಿಂಬು.

ಹೆಂಡತಿ ಹೊಸದಾಗಿ ಹತ್ತಿ ತುಂಬಿಸಿದ್ದ ಆ ದಿಂಬಿನ ಮೇಲೆ ಒಂದು ರಾತ್ರಿ ಮಲಗಿದ್ದೇ ತಡ, ಬೆಳಿಗ್ಗೆ ಏಳುವಷ್ಟರಲ್ಲಿ ಇತಿಹಾಸದ ಮೇಷ್ಟ್ರ ಕತ್ತು ಎಡಕ್ಕೆ ತಿರುಗಿ ಅಲ್ಲೇ ನಿಂತುಬಿಟ್ಟಿತ್ತು. ಎಣ್ಣೆ ತಿಕ್ಕಿದರು, ಬಿಸಿನೀರು ಹುಯ್ದರು, ಜಪ್ಪಯ್ಯ ಅಂದರೂ ಅದು ಬಲಕ್ಕೆ ಬರಲೊಲ್ಲದು. ರಜೆ ಹಾಕುವ ಧೈರ್ಯವಿಲ್ಲದೆ ಹಾಗೇ ವಿಶ್ವವಿದ್ಯಾಲಯಕ್ಕೆ ಹೋದರು. ಬೋರ್ಡಿನ ಕಡೆ ತಿರುಗಿ ಬರೆಯುವುದಂತೂ ಆಗದ ಮಾತು. ವಾರವಿಡೀ ತರಗತಿಯ ಎಡಭಾಗಕ್ಕೆ ಮುಖ ಕೊಟ್ಟು ನಿಂತು ಪಾಠ ಒಪ್ಪಿಸಿದರು.

ಬಲಭಾಗದವರು ಸುಮ್ಮನಿರುತ್ತಾರೆಯೇ? 'ಮೇಷ್ಟ್ರು ನಮ್ಮ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ಇದು ಭೇದಭಾವ' ಎಂದು ಸಮಾನ ಅವಕಾಶ ಸಮಿತಿಗೆ ದೂರು ಕೊಟ್ಟರು. ಸಮಿತಿಯ ಅಧ್ಯಕ್ಷೆ ಡೀನ್ ಮೇಡಂ. 'ಇವತ್ತು ಮಧ್ಯಾಹ್ನ ನಾನೇ ಬಂದು ನಿಮ್ಮ ತರಗತಿಯಲ್ಲಿ ಕೂರುತ್ತೇನೆ' ಎಂದು ಬೆಳಿಗ್ಗೆಯೇ ಹೇಳಿಕಳಿಸಿದರು.

ಬೇರೆ ದಿನವಾಗಿದ್ದರೆ ಬರಲಿ ಬಿಡು ಅನ್ನಬಹುದಿತ್ತು. ಆದರೆ ಮೇಷ್ಟ್ರು ಹಂಗಾಮಿ. ಮದುವೆಯಾದಾಗ ಹಂಗಾಮಿ, ಮಗಳು ಹುಟ್ಟಿದಾಗಲೂ ಹಂಗಾಮಿ. ಆ ಮಗಳ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬಂದವು, ಅಪ್ಪನ ಕೆಲಸ ಮಾತ್ರ ಹಾಗೇ ಇತ್ತು. ಕೊನೆಗೂ ಒಂದೇ ಒಂದು ಕಾಯಂ ಹುದ್ದೆ ಮಂಜೂರಾಗಿತ್ತು. ನಾಲ್ಕು ಜನ ಹಂಗಾಮಿಗಳಲ್ಲಿ ಇವರೇ ಹಿರಿಯರು. ಇವತ್ತಿನ ತರಗತಿ ಸರಿಯಾಗಿ ನಡೆದರೆ ಸಂಜೆ ಡೀನ್ ಮೇಡಂ ಸಹಿ ಹಾಕುವುದು, ನಡೆಯದಿದ್ದರೆ ದೇವರೇ ಗತಿ.

ಅಧ್ಯಾಪಕರ ಕೋಣೆಯಲ್ಲಿ ಮೇಷ್ಟ್ರು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಓಡಾಡುತ್ತಿದ್ದರು.

"ಮೇಡಂ, ಕತ್ತು ಹಿಡ್ಕೊಂಡಿದೆ ಅಂತ ಡೀನ್‌ಗೆ ಹೇಳಿಬಿಡ್ಲಾ?"

ಕೇಳಿದ್ದು ಸಮಾಜಶಾಸ್ತ್ರದ ಮೇಡಂ ಅವರನ್ನು. ಇನ್ನೇನು ನಿವೃತ್ತಿಯಾಗಲಿದ್ದ ಅವರಿಗೆ ಪಾಠಕ್ಕಿಂತ ಸಲಹೆ ಕೊಡುವುದರಲ್ಲೇ ಹೆಚ್ಚು ಉತ್ಸಾಹ.

"ಹೇಳಿ, ಹೇಳಿ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ನೀವು ಕತ್ತು ಡೊಂಕು ಅನ್ನಿ! ಅದೆಲ್ಲಾ ಬೇಡ, ನಾನ್ ಹೇಳ್ದಂಗೆ ಕೇಳಿ. ಪ್ರತಿಯೊಬ್ಬ ವಿದ್ಯಾರ್ಥಿ ಹೆಸರನ್ನೂ ಒಂದೊಂದು ಕಡ್ಡಿ ಮೇಲೆ ಬರೀರಿ. ಡಬ್ಬಿಗೆ ಹಾಕಿ, ಕಣ್ಮುಚ್ಚಿ ತೆಗೀರಿ. ಯಾರ ಹೆಸರು ಬರುತ್ತೋ ಅವರನ್ನೇ ಪ್ರಶ್ನೆ ಕೇಳಿ. ಆಮೇಲೆ ಯಾವನು ಭೇದಭಾವ ಅಂತಾನೆ ನೋಡೋಣ!"

ಕ್ಯಾಂಟೀನಿನಿಂದ ಐಸ್‌ಕ್ರೀಂ ಕಡ್ಡಿಗಳ ಕಟ್ಟು ಬಂತು. ಮೇಡಂ ತಮ್ಮ ಬಿಸ್ಕತ್ತು ಡಬ್ಬಿಯಿಂದ ಸೂಜಿ, ದಾರ, ಗುಂಡಿಗಳನ್ನು ಮೇಜಿನ ಮೇಲೆ ಸುರಿದು ಡಬ್ಬಿ ಖಾಲಿ ಮಾಡಿಕೊಟ್ಟರು. ತಗ್ಗಿ ಬರೆಯಲಾಗದ ಮೇಷ್ಟ್ರು ಒಂದೊಂದು ಕಡ್ಡಿಯನ್ನೂ ಕಣ್ಣ ಮುಂದೆ ಎತ್ತಿ ಹಿಡಿದು ಹೆಸರು ಬರೆದರು.

"ಆ ಮೌನಿ ಇದ್ದಾನಲ್ಲ, ಬಾಯೇ ಬಿಡದ ಹುಡುಗ? ಅವನದು ಇನ್ನೂ ನಾಲ್ಕು ಕಡ್ಡಿ ಹಾಕಿದೀನಿ," ಎಂದರು ಮೇಡಂ.

"ಅಯ್ಯೋ, ಅದು ಅನ್ಯಾಯ ಅಲ್ವಾ?"

"ಎಲ್ಲರಿಗೂ ಒಂದೇ ಅಳತೆ ಚಪ್ಪಲಿ ಕೊಟ್ರೆ ಅದು ಸಮಾನತೆ. ಅವರವರ ಕಾಲಿಗೆ ತಕ್ಕಂಗೆ ಕೊಟ್ರೆ ನ್ಯಾಯ. ಮೂವತ್ತು ವರ್ಷದಿಂದ ಇದನ್ನೇ ಪಾಠ ಮಾಡ್ತಿದೀನಿ, ಯಾರೂ ಕೇಳಿಸ್ಕೊಂಡಿಲ್ಲ. ನಡೀರಿ, ಗಂಟೆ ಹೊಡೀತು."

ತರಗತಿಯಲ್ಲಿ ಮೊದಲ ಎಡವಟ್ಟು ಬಾಗಿಲಲ್ಲೇ ಆಯಿತು. ಡೀನ್ ಮೇಡಂ ಬಲಗಡೆಯಿಂದ ಬಂದರು. ಮೇಷ್ಟ್ರು ಎಡಗಡೆಯ ಬೀರುವಿಗೆ, "ಬನ್ನಿ ಮೇಡಂ, ಕೂತ್ಕೊಳ್ಳಿ," ಎಂದು ವಿನಯದಿಂದ ಕೈ ತೋರಿಸಿದರು. ಮಕ್ಕಳು ಕಿಸಕ್ಕೆಂದರು. ಡೀನ್ ಮೇಡಂ ನಗಲಿಲ್ಲ. ಬಲಭಾಗದಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದರು.

ಹಳೆಯ ಕಾಲದ ಊರುಗಳೆಲ್ಲ ನದಿ ದಂಡೆಯಲ್ಲೇ ಏಕೆ ಹುಟ್ಟಿದವು ಎಂಬುದು ಅವತ್ತಿನ ಪಾಠ. ಮೇಷ್ಟ್ರು ದೇವರನ್ನು ನೆನೆದು ಡಬ್ಬಿಗೆ ಕೈ ಹಾಕಿದರು. ಮೊದಲ ಹೆಸರು ಬಲಗಡೆ ಕೂತಿದ್ದ ಒಬ್ಬ ಹುಡುಗಿಯದು. ಕತ್ತು ತಿರುಗದಿದ್ದರೇನು, ಕಾಲಿದೆಯಲ್ಲ! ಬೀರು ಜರುಗಿಸಿದ ಹಾಗೆ ಇಡೀ ಮೈಯನ್ನೇ ಸುತ್ತಿಸಿ ಅವಳಿಗೆ ಮುಖ ಕೊಟ್ಟರು.

"ಅಬ್ಬಾ, ಸಾರ್ ನಮ್ಮನ್ನ ನೋಡಿದ್ರು!" ಎಂದು ಬಲಭಾಗ ಚಪ್ಪಾಳೆ ತಟ್ಟಿತು.

ಎರಡನೆಯ ಕಡ್ಡಿ ಎಡಗಡೆ ಕೂತಿದ್ದ ಮೌನಿಯದು. ಹುಡುಗ ಎದ್ದು ನಿಂತ, ತಲೆ ತಗ್ಗಿಸಿದ, ಕೂತ. ಮೂರನೆಯದೂ ಮೌನಿಯದೇ. ಮತ್ತೆ ಎದ್ದ, ಮತ್ತೆ ಕೂತ. ಮೇಷ್ಟ್ರು ನಾಲ್ಕನೆಯ ಕಡ್ಡಿ ಎತ್ತಿ ನೋಡಿದರು. ಅದೂ ಮೌನಿ! ತರಗತಿ ಗೊಳ್ಳೆಂದಿತು. ಡೀನ್ ಮೇಡಂ ಏನೋ ಬರೆದುಕೊಂಡರು. ಕಿಟಕಿಯಾಚೆ ಸಮಾಜಶಾಸ್ತ್ರದ ಮೇಡಂ 'ಬಿಡಬೇಡಿ, ಬಿಡಬೇಡಿ' ಎಂದು ಕೈಸನ್ನೆ ಮಾಡುತ್ತಿದ್ದರು.

"ಏನಾದ್ರೂ ಒಂದು ಮಾತು ಹೇಳಪ್ಪಾ," ಮೇಷ್ಟ್ರು ಹೆಚ್ಚುಕಡಿಮೆ ಕೈ ಮುಗಿದರು. "ನದಿ ಬಗ್ಗೆನೇ ಆಗಬೇಕು ಅಂತಿಲ್ಲ."

ಮೌನಿ ಅವರ ಬಾಯನ್ನೇ ನೆಟ್ಟ ದೃಷ್ಟಿಯಿಂದ ನೋಡಿದ. ಆಮೇಲೆ ತಡವರಿಸುತ್ತಾ ಶುರು ಮಾಡಿದ.

"ಸಾರ್, ನಂಗೆ ಕಿವಿ ಸರಿಯಾಗಿ ಕೇಳಿಸಲ್ಲ. ತುಟಿ ನೋಡಿ ಅರ್ಥ ಮಾಡ್ಕೋತೀನಿ. ನೀವು ಯಾವಾಗ್ಲೂ ಬೋರ್ಡ್ ಕಡೆ ತಿರುಗಿ ಮಾತಾಡ್ತಿದ್ರಿ. ಈ ಒಂದು ವಾರ ಮಾತ್ರ ನನ್ನ ಕಡೆನೇ ನೋಡ್ಕೊಂಡು ಪಾಠ ಮಾಡಿದ್ರಿ. ಕಾಲೇಜಿಗೆ ಸೇರಿದಾಗಿಂದ ನಂಗೆ ಪೂರ್ತಿ ಅರ್ಥ ಆಗಿದ್ದು ಇದೊಂದೇ ವಾರ. ಊರುಗಳು ಹುಟ್ಟಿದ್ದು ನೀರು ಇತ್ತು ಅಂತ, ದೋಣಿ ಓಡಾಡ್ತಿತ್ತು ಅಂತ, ಮೆಕ್ಕಲು ಮಣ್ಣು ಇತ್ತು ಅಂತ..." ಹೀಗೆ ಒಂದಿಷ್ಟೂ ಬಿಡದೆ ಹೇಳಿ ಮುಗಿಸಿದ.

ಮೇಷ್ಟ್ರಿಗೆ ತಮ್ಮ ಮೇಲೆ ತಮಗೇ ನಾಚಿಕೆಯಾಯಿತು.

"ಇಷ್ಟು ದಿನ ಹೇಳಬಾರ್ದಿತ್ತೇನೋ?"

"ನೀವು ಕೇಳಿದ್ದು ಇವತ್ತೇ ಅಲ್ವಾ ಸಾರ್?"

ಡೀನ್ ಮೇಡಂ ಎದ್ದು ನಿಂತು ಚಪ್ಪಾಳೆ ಹೊಡೆದರು. ದೂರು ಕೊಟ್ಟವರೂ ಹೊಡೆದರು. ಮೇಷ್ಟ್ರಿಗೆ ಸಂಜೆಯ ಸಹಿ ಕಣ್ಣೆದುರೇ ಕುಣಿಯಿತು.

ಸಂಜೆ ಅಧ್ಯಾಪಕರ ಕೋಣೆಗೆ ಬಂದ ಡೀನ್ ಮೇಡಂ ಕೈಯಲ್ಲಿ ಆದೇಶದ ಕಾಗದವೂ ಇತ್ತು, ಪೆನ್ನೂ ಇತ್ತು. ಬರೆಯಲು ಬಗ್ಗಿದವರು ತಟ್ಟನೆ ನಿಂತರು.

"ಮೇಷ್ಟ್ರೇ, ನಿಮ್ಮ ಡಬ್ಬಿ ನನ್ನ ಕಣ್ಣು ತೆರೆಸ್ತು. ಹಿರಿಯರು ಅಂತ ನಿಮಗೇ ಹುದ್ದೆ ಕೊಟ್ರೆ, ಹಿರಿತನ ಅನ್ನೋದೂ ಒಂಥರಾ ಮುಂದಿನ ಬೆಂಚೇ ಅಲ್ವಾ? ಹಂಗಾಮಿಗಳೆಲ್ಲಾ ಅರ್ಹರೇ. ಎಲ್ಲರ ಹೆಸರೂ ಬರೆದು ಅದೇ ಡಬ್ಬಿಗೆ ಹಾಕಿ. ಒಂದು ಕಡ್ಡಿ ತೆಗೆಯೋಣ. ಯಾರನ್ನೂ ಬಿಡಬೇಡಿ ಮತ್ತೆ!"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೆ ಇಡೀ ವಿಶ್ವವಿದ್ಯಾಲಯ ಹೊಗಳುತ್ತಿರುವಾಗ ಬೇಡ ಅನ್ನುವುದು ಹೇಗೆ? ಮೇಷ್ಟ್ರು ಡಬ್ಬಿಯಲ್ಲಿದ್ದ ವಿದ್ಯಾರ್ಥಿಗಳ ಕಡ್ಡಿಗಳನ್ನು ಹೊರಗೆ ಸುರಿದು, ಹೊಸ ಕಡ್ಡಿ ಎತ್ತಿ ಹಿಡಿದರು. ಎದುರಿಗೆ ಉಗುರು ಕಚ್ಚುತ್ತಿದ್ದ ಅರ್ಥಶಾಸ್ತ್ರದವರ ಹೆಸರು ಬರೆದರು. ಕಿಟಕಿಯ ಬಳಿ ನಿಂತಿದ್ದ ಗಣಿತದವರದು ಬರೆದರು. ಅಷ್ಟರಲ್ಲಿ ಭೂಗೋಳದ ರಜೆರಾಯ ನೆನಪಾದ. ಶೀತಕ್ಕೊಂದು ರಜೆ, ಶೀತ ವಾಸಿಯಾಗಿದ್ದಕ್ಕೊಂದು ರಜೆ ಹಾಕುವ ಆಸಾಮಿ. ಇವತ್ತೂ ಬಂದಿರಲಿಲ್ಲ, ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಷ್ಟ್ರು ಬಿಡಲಿಲ್ಲ. ಅವನ ಹೆಸರನ್ನೂ ದಪ್ಪಕ್ಷರದಲ್ಲಿ ಬರೆದು ಹಾಕಿದಾಗ ಅವರಿಗೆ ತಮ್ಮ ಬಗ್ಗೆ ಹೆಮ್ಮೆಯೇ ಆಯಿತು.

ಸಮಾಜಶಾಸ್ತ್ರದ ಮೇಡಂ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ನಿಮ್ಮದು ನಾಲ್ಕು ಹೆಚ್ಚಿಗೆ ಹಾಕ್ಲಾ?"

"ಛೆ ಛೆ! ಮೋಸದ ಕೆಲಸ ನನ್ನ ಕೈಲಾಗಲ್ಲ," ಎಂದು ಮೇಷ್ಟ್ರು ಡಬ್ಬಿ ಕಿತ್ತುಕೊಂಡು ಮುಚ್ಚಳ ಹಾಕಿ ಡೀನ್ ಮೇಡಂ ಕೈಗೇ ಕೊಟ್ಟರು.

ಡೀನ್ ಮೇಡಂ ಕಣ್ಣು ಮುಚ್ಚಿ ಒಂದು ಕಡ್ಡಿ ತೆಗೆದು ಓದಿದರು. ರಜೆರಾಯ! ಆಗಲೇ ಸಹಿ ಹಾಕಿದರು, ಆಗಲೇ ಫೋನೂ ಮಾಡಿದರು. ಆ ಕಡೆಯಿಂದ ನಿದ್ದೆಗಣ್ಣಿನ ದನಿಯೊಂದು, "ನಾಳೆನೂ ಬರೋಕಾಗಲ್ಲ ಮೇಡಂ," ಎಂದಿತು.

ಮೇಷ್ಟ್ರ ತಲೆ ಗಿರ್ರನೆ ತಿರುಗಿತು. ಲಟಕ್ಕೆಂದು ಸದ್ದಾಯಿತು. ನೋಡಿದರೆ ಕತ್ತು ಬಲಕ್ಕೂ ತಿರುಗುತ್ತಿದೆ, ಎಡಕ್ಕೂ ತಿರುಗುತ್ತಿದೆ!

ಸಮಾಜಶಾಸ್ತ್ರದ ಮೇಡಂ ತಮ್ಮ ಗುಂಡಿಗಳನ್ನು ಮತ್ತೆ ತುಂಬಿಕೊಳ್ಳಲು ಡಬ್ಬಿ ಬೋರಲು ಹಾಕಿದರು. ಎರಡೇ ಕಡ್ಡಿ ಬಿದ್ದವು.

"ಇದೇನ್ರೀ, ನಿಮ್ಮದೆಲ್ಲಿ?"

ಮೇಷ್ಟ್ರು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದರು. ಒಂದು ಅರ್ಥಶಾಸ್ತ್ರ, ಇನ್ನೊಂದು ಗಣಿತ.

"ಅನ್ಯಾಯ!" ಎಂದು ಚೀರಿದರು. "ನನ್ನ ಹೆಸರೇ ಬಿಟ್ಟಿದಾರೆ!"

"ಹೌದಾ? ಹಾಗಾದ್ರೆ ಸಮಿತಿಗೆ ದೂರು ಕೊಡಿ," ಡೀನ್ ಮೇಡಂ ಗಂಭೀರವಾಗಿ ಹೇಳಿದರು. "ಬಿಟ್ಟವರು ಯಾರೇ ಆಗಿರಲಿ, ಅವರ ಮೇಲೆ ಕ್ರಮ ತಗೋತೀವಿ. ಅಂದಹಾಗೆ, ಹೆಸರು ಬರೆದೋರು ಯಾರು?"

ಮೇಷ್ಟ್ರು ಹೆಸರು ಬರೆದ ತಮ್ಮ ಪೆನ್ನನ್ನು ಮೆಲ್ಲಗೆ ಜೇಬಿಗಿಳಿಸಿದರು.

ಹೊರಗೆ ಮೆಟ್ಟಿಲ ಬಳಿ ಮೌನಿ ಕಾಯುತ್ತಿದ್ದ. ಮೇಷ್ಟ್ರು ಅವನತ್ತ ಕತ್ತು ಹೊರಳಿಸಿ ನೋಡಿದ್ದೇ ಹುಡುಗನ ಮುಖ ಸಪ್ಪಗಾಯಿತು.

"ವಾಸಿ ಆಗ್ಬಿಡ್ತಾ ಸಾರ್?" ಎಂದ. "ಅಯ್ಯೋ ಪಾಪ."

ಮನೆಯ ಬಾಗಿಲು ತೆರೆದ ಹೆಂಡತಿ ಗಂಡನ ನೆಟ್ಟಗಿನ ಕತ್ತು ನೋಡಿ ಹಿಗ್ಗಿದಳು. "ಸರಿ ಹೋಯ್ತಲ್ರೀ! ಕೆಲಸದ ಕಥೆ ಏನಾಯ್ತು?"

ಮೇಷ್ಟ್ರು ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋಗಿ ಮಂಚದ ಮೇಲೆ, ಮಂಚದ ಕೆಳಗೆ ತಡಕಾಡಿದರು.

"ಅದಿರಲಿ. ಆ ಹೊಸ ದಿಂಬು ಎಲ್ಲಿಟ್ಟಿದೀಯೆ?"