ಇಬ್ಬರಿಗೇ ಅಂತ ಹಿಡಿದ ದೋಣಿ

ನಮ್ಮ ಶಿಕಾರಿಪುರದ ಕಡೆಯ ಜನಕ್ಕೆ ಹಾವಿನ ಭಯವಿಲ್ಲ, ಕತ್ತಲೆಯ ಭಯವಿಲ್ಲ. ಖಾಲಿ ಸೀಟಿನ ಭಯ ಮಾತ್ರ ವಿಪರೀತ. ಗಾಡಿಯೊಂದನ್ನು ಬಾಡಿಗೆಗೆ ಹಿಡಿದೆವೆಂದರೆ ಮೊದಲು ಏಳುವ ಪ್ರಶ್ನೆ ಎಲ್ಲಿಗೆ ಹೋಗುವುದು ಅಂತಲ್ಲ, ಇನ್ನೂ ಯಾರನ್ನು ಕರೆಯುವುದು ಅಂತ. ಆನವಟ್ಟಿಗೆ ಹೆಣ್ಣು ನೋಡಲು ಹೊರಟ ಕ್ರೂಸರಿನಲ್ಲಿ ಗಂಡಿನ ಕಡೆಯವರ ಜೊತೆಗೆ, ಆನವಟ್ಟಿಯಲ್ಲಿ ಹಲ್ಲು ಕೀಳಿಸಬೇಕಾದ ಪಕ್ಕದ ಮನೆಯವರೂ, ಅಲ್ಲಿಂದ ಮೆಣಸಿನಕಾಯಿ ತರಬೇಕಾದ ಅವರ ಬೀಗರೂ ಇರುತ್ತಾರೆ. ಒಂದು ಸಲವಂತೂ ಕೆನ್ನೆ ಊದಿಸಿಕೊಂಡು ತಲೆ ತಗ್ಗಿಸಿ ಕೂತಿದ್ದ ಹಲ್ಲುನೋವಿನವನನ್ನೇ ಹೆಣ್ಣಿನ ತಾಯಿ ಗಂಡು ಅಂದುಕೊಂಡು, ಹುಡುಗ ಎಷ್ಟು ಸಂಭಾವಿತ ಎಂದು ಒಳಗೆ ಹೋಗಿ ಹೇಳಿದ್ದರು. ಇದರಲ್ಲಿ ಯಾರದೂ ತಪ್ಪಿಲ್ಲ. "ಹೆಂಗೂ ಗಾಡಿ ಖಾಲಿ ಹೋಗ್ತೈತಿ, ಬರ್ರಿ" ಎನ್ನುವುದು ನಮ್ಮಲ್ಲಿ ಕರೆಯಲ್ಲ, ಉಸಿರಾಟ.

ಹೀಗಿರುವಾಗ ನಾನೂ ನನ್ನ ಹೆಂಡತಿಯೂ ಮದುವೆಯಾದಾಗಿನಿಂದ ಇಬ್ಬರೇ ಎಲ್ಲಿಗೂ ಹೋಗಿರಲಿಲ್ಲ ಎಂದರೆ ಆಶ್ಚರ್ಯಪಡಬೇಡಿ. ಗಿರಿಜಾ ಚಂದ್ರಗುತ್ತಿ ಕಡೆಯವಳು. ಮದುವೆಯಾದ ಹೊಸತರಲ್ಲಿ ಜೋಗ ನೋಡುವ ಆಸೆ ಹೇಳಿದಳು. ನಾನು ಮೀಸೆ ತೀಡಿಕೊಂಡು ಗಾಡಿ ಗೊತ್ತು ಮಾಡಿದೆ. ಬೆಳಗ್ಗೆ ನೋಡಿದರೆ ಗಾಡಿಯಲ್ಲಿ ನಮಗೇ ಜಾಗವಿಲ್ಲ. ನನ್ನ ಸೋದರತ್ತೆಯನ್ನು ತಂದು ನಮ್ಮಿಬ್ಬರ ನಡುವೆ ಕೂರಿಸಿದರು. ಅವರಿಗೆ ಗಾಡಿ ಆಗಿಬರುವುದಿಲ್ಲ, ಕೈಯಲ್ಲೊಂದು ನಿಂಬೆಹಣ್ಣು. ತಿರುವು ಬಂದಾಗಲೆಲ್ಲ ಮೂಸುತ್ತಿದ್ದರು, ನಡುನಡುವೆ ನಮ್ಮಿಬ್ಬರಿಗೂ ಮೂಸಿಸುತ್ತಿದ್ದರು. ನನ್ನ ಮಧುಚಂದ್ರದ ನೆನಪೆಂದರೆ ನಿಂಬೆಹಣ್ಣಿನ ವಾಸನೆ, ಅಷ್ಟೇ. ಆಮೇಲೆ ಸಿಗಂದೂರಿಗೆ ಹೋದದ್ದೂ ಹಾಗೆಯೇ. ಆಗಿನ್ನೂ ಸೇತುವೆ ಇರಲಿಲ್ಲ, ಲಾಂಚಿನಲ್ಲಿ ಹಿನ್ನೀರು ದಾಟಬೇಕಿತ್ತು. ಆ ಲಾಂಚಿನಲ್ಲಿ ಒಂದು ಬಸ್ಸು, ಜೀಪುಗಳು, ಬೈಕುಗಳು, ಅವುಗಳ ಸಂದಿಯಲ್ಲಿ ಅರ್ಧ ತಾಲ್ಲೂಕು. ಬಸ್ಸಿನ ಆ ಕಡೆ ಗಿರಿಜಾ, ಈ ಕಡೆ ನಾನು.

ನಾನು ಪೈಪು, ಪಂಪ್‌ಸೆಟ್ಟಿನ ವ್ಯಾಪಾರಿ. ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ, ಗಲ್ಲಾದಲ್ಲಿ ಗಿರಿಜಾ. ಈ ಸಲ ಮಾಲು ಚೆನ್ನಾಗಿ ಹೋಯಿತೆಂದು ಪೈಪಿನ ಕಂಪನಿಯವರು ಡೀಲರುಗಳನ್ನೆಲ್ಲ, ಬಯಸಿದರೆ ಜೋಡಿಸಮೇತ, ಗ್ರೀಸ್ ದೇಶಕ್ಕೆ ಕರೆದುಕೊಂಡು ಹೋದರು. ಅಥೆನ್ಸಿನಲ್ಲಿ ಬೆಟ್ಟದ ಮೇಲಿನ ಕಂಬಗಳನ್ನು ತೋರಿಸಿ, ಹಡಗಿನಲ್ಲಿ ನಾಕ್ಸೋಸ್ ಎಂಬ ದ್ವೀಪಕ್ಕೆ ತಂದು ಬಿಟ್ಟರು. ಅಲ್ಲೊಂದು ದಿನ ಬಿಡುವು: ಬೇಕಾದವರು ಎಲ್ಲರ ಜೊತೆ ಬಸ್ಸಿನಲ್ಲಿ ದ್ವೀಪ ಸುತ್ತಬಹುದು, ಬೇಡದವರು ತಮ್ಮಿಷ್ಟ. ಆ ಕ್ಷಣವೇ ನನ್ನ ತಲೆಯಲ್ಲಿ ದೀಪ ಹತ್ತಿತು. ಹೋಟೆಲಿನ ಕೌಂಟರಿನ ಹುಡುಗಿಯ ಹತ್ತಿರ ಹೋಗಿ, ಇಡೀ ದಿನ ನಮಗೇ ಅಂತ ಒಂದು ದೋಣಿ ಬೇಕು ಅಂದೆ. ಎಷ್ಟು ಜನ ಅಂದಳು. ಇಬ್ಬರು ಅಂದೆ. ಇಬ್ಬರೇ? ಅಂದಳು. ಇಬ್ಬರೇ ಅಂದೆ. ಅವಳು ನಕ್ಕು, ಮದುವೆಯ ವಾರ್ಷಿಕೋತ್ಸವವೋ ಏನೋ ಅಂತ ಕೇಳಿದಳು. ಈ ವಯಸ್ಸಿನಲ್ಲಿ ನನ್ನ ಕಿವಿ ಕೆಂಪಾದದ್ದು ನನಗೇ ಗೊತ್ತಾಯಿತು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಗಿರಿಜಾಗೆ ಒಂದು ಮಾತು ಹೇಳಬೇಕಿತ್ತು. ಎಷ್ಟೋ ವರ್ಷದಿಂದ ನಾಲಿಗೆಯ ತುದಿಗೆ ಬಂದು ನಿಂತಿದ್ದ ಮಾತು. ಮನೆಯಲ್ಲಿ ಹೇಳೋಣವೆಂದರೆ ಯಾರಾದರೂ ಬರುತ್ತಾರೆ. ಅಂಗಡಿಯಲ್ಲಿ ಹೇಳೋಣವೆಂದರೆ, "ಅಕ್ಕಾರೆ, ಎರಡಿಂಚಿನ ಬೆಂಡ್ ಐತೇನ್ರಿ" ಎಂದು ಯಾರಾದರೂ ಇಣುಕುತ್ತಾರೆ. ಊರು ಬಿಡುವ ಮುಂಚೆ ಅಂಗಡಿಯ ಗೋದಾಮಿನಲ್ಲಿ ಪೈಪಿನ ಸುರುಳಿಗಳ ಎದುರು ನಿಂತು ಆ ಮಾತನ್ನು ಅಭ್ಯಾಸ ಕೂಡ ಮಾಡಿದ್ದೆ. ಪೈಪುಗಳು ಸಮಾಧಾನದಿಂದ ಕೇಳಿದ್ದವು. ಆ ದೋಣಿಯಲ್ಲಿ ಅದನ್ನು ಹೇಳಿಯೇ ತೀರುವುದೆಂದು ನಿರ್ಧರಿಸಿದೆ. ಬೆಳಗ್ಗೆ ಹಿರೇಕೆರೂರಿನ ಡೀಲರು ರುದ್ರಣ್ಣ, "ಬಸಣ್ಣಾರೆ, ಬಸ್ಸಿಗೆ ಬರ್ತೀರಿಲ್ಲೋ" ಎಂದು ಹುಡುಕಿಕೊಂಡು ಬಂದಾಗ ಕಂಬದ ಹಿಂದೆ ಅವಿತುಕೊಂಡೆ. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದ ಒಂಟಿ ಜೀವ ಆತ. ಎಲ್ಲಿಗೆ ಎಂದು ಹೇಳಿದರೆ ಬೆನ್ನು ಹತ್ತುವುದು ಖಂಡಿತ.

ಬಂದರಿನಲ್ಲಿ ದೋಣಿ ನೋಡಿ ನಾನೇ ದಂಗಾದೆ. ಅದಕ್ಕೆ ಕ್ಯಾಟಮರಾನ್ ಅನ್ನುತ್ತಾರೆ. ಎರಡು ಉದ್ದನೆಯ ದೋಣಿಗಳನ್ನು ಜೋಡೆತ್ತಿನ ಹಾಗೆ ಪಕ್ಕಪಕ್ಕ ಕಟ್ಟಿ, ಮೇಲೆ ನಡುಮನೆ, ಅಡಿಗೆ ಮನೆ, ಕೆಳಗೆ ಮಲಗುವ ಕೋಣೆಗಳು, ಮುಂದುಗಡೆ ಕಾಲು ಚಾಚಿ ಒರಗಲು ದೊಡ್ಡ ಬಲೆ. ಸಮುದ್ರವೋ, ನಮ್ಮ ಅಂಗಡಿಯ ಹೊಸ ತಾಡಪತ್ರಿಯಷ್ಟು ನೀಲಿ. ಕ್ಯಾಪ್ಟನ್ನನ ಹೆಸರು ಯಾನಿಸ್. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಶಾಲೆಯಲ್ಲಿ ನಪಾಸಾದಂಥವು, ಹಾಗಾಗಿ ಚೆನ್ನಾಗಿ ಹೊಂದಿಕೊಂಡವು. ಗಿರಿಜಾ ಮಾತ್ರ ಹತ್ತುವ ಮೊದಲು ಹಿಂದೆ ತಿರುಗಿ ನೋಡಿದಳು, ಯಾರೋ ಬರುವವರಿದ್ದಾರೆ ಎನ್ನುವಂತೆ.

"ಇಷ್ಟ್ ದೊಡ್ಡ ಲಾಂಚಿಗೆ ನಾವಿಬ್ರೇನಾ ಮಾರಾಯ್ರೆ? ಒಂದು ಬಸ್ ಹಿಡೀತದಲ್ರೀ ಇದ್ರಲ್ಲಿ" ಅಂದಳು.

ಇವತ್ತು ಬಸ್ಸೂ ಇಲ್ಲ, ಜೀಪೂ ಇಲ್ಲ, ನೀನೂ ನಾನೂ ಅಷ್ಟೇ ಎಂದು ಹೇಳಿ ಕೈ ಹಿಡಿದು ಹತ್ತಿಸಿಕೊಂಡೆ. ಅವಳ ಹೆಗಲಲ್ಲಿ ಒಂದು ದೊಡ್ಡ ಚೀಲ. ನಾವು ಮೀನು ಮುಟ್ಟದವರು, ಮಧ್ಯಾಹ್ನಕ್ಕೆ ಇರಲೆಂದು ಊರಿಂದ ತಂದ ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ. ಇಬ್ಬರಿಗೆ ಇಷ್ಟು ಯಾಕೆ ಅಂತ ನಾನು ಕೇಳಲಿಲ್ಲ. ಇಬ್ಬರಿಗೆ ಎನ್ನುವ ಅಳತೆಯೇ ಅವಳ ಕೈಗೆ ಬರುವುದಿಲ್ಲ.

ದೋಣಿ ಹೊರಟಿತು. ಯಾನಿಸ್ ಮರ್ಯಾದಸ್ಥ, ಚುಕ್ಕಾಣಿಯ ಹತ್ತಿರ ನಿಂತು ನಮ್ಮ ಕಡೆ ಬೆನ್ನು ಮಾಡಿಬಿಟ್ಟ. ಹನ್ನೆರಡು ಜನ ಕೂರುವ ಸೋಫಾದ ಒಂದು ತುದಿಯಲ್ಲಿ ಗಿರಿಜಾ, ಇನ್ನೊಂದು ತುದಿಯಲ್ಲಿ ನಾನು. ನಡುವೆ ಖಾಲಿ. ಈಗ ಹೇಳು ಅಂದಿತು ಮನಸ್ಸು. ನಾನು ಗಂಟಲು ಸರಿಮಾಡಿಕೊಂಡು, ಗೋದಾಮಿನ ಕಿಟಕಿ ಹಾಕಿದ್ದೇವಾ ಅಂತ ಕೇಳಿದೆ. ಹಾಕಿದೀವಿ ಅಂದಳು. ಸ್ವಲ್ಪ ಹೊತ್ತು ನೀರು ನೋಡಿದೆವು. ಪುನಃ ಗಂಟಲು ಸರಿಮಾಡಿಕೊಂಡೆ. ನೆಗಡಿ ಆಯ್ತಾ ಎಂದು ಕೇಳಿ ಅವಳು ಚೀಲದಿಂದ ಮಫ್ಲರ್ ತೆಗೆದು ಕೊಟ್ಟಳು. ಆ ಬಿಸಿಲಲ್ಲಿ, ಆ ನೀಲಿ ಸಮುದ್ರದ ನಡುವೆ ಮಫ್ಲರ್ ಸುತ್ತಿಕೊಂಡು ಕೂತ ಮೊದಲನೆಯ ಮನುಷ್ಯ ನಾನೇ ಇರಬೇಕು. ಇಬ್ಬರೇ ಇದ್ದರೆ ಮಾತು ತಾನಾಗಿ ಬರುತ್ತದೆಂದು ನಂಬಿದ್ದೆ. ಬರಲಿಲ್ಲ. ಬಾವಿಗೆ ಪಂಪು ಇಳಿಸಿ ಕರೆಂಟು ಇಲ್ಲದ ಹಾಗಾಯಿತು ನನ್ನ ಪಾಡು.

ಐಸ್ ತರಲೆಂದು ಯಾನಿಸ್ ಒಂದು ಸಣ್ಣ ಹಳ್ಳಿಯ ಕಟ್ಟೆಗೆ ದೋಣಿ ನಿಲ್ಲಿಸಿದ. ಅಲ್ಲಿ ಕಪ್ಪು ಬಟ್ಟೆಯ ಒಬ್ಬ ಅಜ್ಜಿ, ಪಕ್ಕದಲ್ಲಿ ಎರಡು ಬುಟ್ಟಿ, ಒಂದರಲ್ಲಿ ಕೋಳಿ. ಅಜ್ಜಿ ಏನೋ ಕೇಳಿದಳು, ಯಾನಿಸ್ ನಮ್ಮ ಕಡೆ ಕೈ ತೋರಿಸಿ ಏನೋ ಹೇಳಿದ. ಅಜ್ಜಿ ಪುನಃ ಕೇಳಿದಳು, ಇವನು ತಲೆ ಕೆರೆದುಕೊಂಡ. ನನಗೆ ಗ್ರೀಕ್ ಬರುವುದಿಲ್ಲ, ಆದರೆ ಅಷ್ಟೂ ಅರ್ಥವಾಯಿತು. ಗಾಡಿ ಇರುವ ಅಳಿಯನ ಮುಖ ಯಾವ ದೇಶದಲ್ಲಾದರೂ ಒಂದೇ. ವಿಚಾರಿಸಿದರೆ ಹೌದು, ಅವನ ಅತ್ತೆಯೇ. ದ್ವೀಪದ ಆಚೆ ಬದಿಯಲ್ಲಿ ಹಿರಿಯ ಮಗಳ ಮನೆಗೆ ಹೋಗಬೇಕು, ಘಾಟಿಯ ರಸ್ತೆಯಲ್ಲಿ ಬಸ್ಸು ಹತ್ತಿದರೆ ವಾಂತಿ. ಆದರೆ ಇವತ್ತು ದೋಣಿ ನಿಮ್ಮದು ಸಾರ್ ಅಂದ ಯಾನಿಸ್. ಇಷ್ಟು ಹೊತ್ತೂ ಈ ಜನ ಕೂಡಿಸುವ ಚಟವನ್ನು ಹೆಂಡತಿಯ ತಲೆಗೆ ಕಟ್ಟುವ ಹಾಗೆ ಬರೆದುಕೊಂಡು ಬಂದೆನಲ್ಲ, ನಿಜ ಹೇಳುತ್ತೇನೆ ಕೇಳಿ. ಗಿರಿಜಾ ತುಟಿ ಬಿಚ್ಚಿರಲಿಲ್ಲ. ನಾನೇ ಎದ್ದು ನಿಂತು, "ಹೆಂಗೂ ಖಾಲಿ ಹೋಗ್ತೈತಿ, ಬರ್ರಿ ಅಮ್ಮಾ" ಅಂದೆ.

ಕೆರೆ ಏರಿ ಒಡೆದಂತಾಯಿತು ನೋಡಿ. ಅಜ್ಜಿಯ ಹಿಂದೆ ಅವಳ ಗೆಳತಿಯೊಬ್ಬಳು ಬಂದಳು. ಕೈ ಕೊಟ್ಟು ಹತ್ತಿಸಿಕೊಳ್ಳುತ್ತ ನಾನು ಏಣಿಯ ಹತ್ತಿರ ನಿಂತಿದ್ದೆನಲ್ಲ, ಬೆನ್ನಿಗೆ ಚೀಲ ಹಾಕಿಕೊಂಡ ಇಬ್ಬರು ಬಿಳಿಯ ಹುಡುಗಿಯರು ಕೋಳಿ ನೋಡಿ ಇದು ಸರ್ವಿಸ್ ದೋಣಿ ಅಂದುಕೊಂಡು ನನ್ನನ್ನೇ ಟಿಕೆಟ್ ಕೇಳಿದರು. ಕೂತ್ಕೊಳ್ರಿ ಅಂದೆ. ಅಷ್ಟರಲ್ಲಿ ಕಟ್ಟೆಯ ಆ ತುದಿಯಿಂದ ಹೊಸ ಟೋಪಿ ಹಾಕಿಕೊಂಡು ಒಬ್ಬ ಓಡೋಡಿ ಬರುತ್ತಿದ್ದ. ರುದ್ರಣ್ಣ! ಟೋಪಿ ಚೌಕಾಸಿ ಮಾಡುತ್ತ ನಿಂತವನನ್ನು ಬಿಟ್ಟು ನಮ್ಮವರ ಬಸ್ಸು ಹೊರಟುಹೋಗಿತ್ತು. ಈಗ ಕರೆದವಳು ಗಿರಿಜಾ. ಕಂಬದ ಹಿಂದೆ ಅವಿತು ತಪ್ಪಿಸಿಕೊಂಡಿದ್ದ ನನ್ನ ಪಕ್ಕಕ್ಕೇ ಬಂದು ಕೂತು ರುದ್ರಣ್ಣ, ದೇವರು ದೊಡ್ಡವನು ಅಂದ. ನಾನು ಹೌದು ಹೌದು ಅಂದೆ.

ಆಮೇಲೆ ಏನು ಹೇಳಲಿ, ಅಷ್ಟು ಸಂತೋಷದ ದಿನವನ್ನು ನಾನು ಕಂಡಿರಲಿಲ್ಲ. ಯಾನಿಸ್ ಹಾಯಿ ಏರಿಸಿದ. ಇಂಜಿನ್ನಿನ ಸದ್ದು ನಿಂತು ಗಾಳಿಯ ಸದ್ದು ಶುರುವಾಯಿತು. ಗಿರಿಜಾ ಆ ಅಡಿಗೆಮನೆಗೆ ನುಗ್ಗಿ ಈರುಳ್ಳಿ, ಟೊಮೆಟೊ ಹೆಚ್ಚಿ ಒಗ್ಗರಣೆ ಹಾಕಿ ಮಂಡಕ್ಕಿ ಕಲಸಿದಳು. ಬಿಳಿಯ ಹುಡುಗಿಯರು ಮೂರು ಸಲ ಹಾಕಿಸಿಕೊಂಡರು. ಅಜ್ಜಿ ಖಡಕ್ ರೊಟ್ಟಿಯನ್ನು ಬೆರಳಿಂದ ತಟ್ಟಿ ನೋಡಿ, ತಲೆದೂಗಿ, ಅದರ ಮೇಲೆ ಆಲಿವ್ ಎಣ್ಣೆ ಸುರಿದುಕೊಂಡು ತಿಂದಳು. ಒಂದು ಕೊಲ್ಲಿಯಲ್ಲಿ ದೋಣಿ ನಿಂತಾಗ ನಾನು ಲುಂಗಿ ಎತ್ತಿಕಟ್ಟಿ ತೇಲುವ ಜಾಕೀಟು ಹಾಕಿಕೊಂಡು ನೀರಿಗಿಳಿದೆ. ಮೇಲಿನಿಂದ ಗಿರಿಜಾ ನಕ್ಕಳು. ಅವಳ ನಗು ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳಿಸುವಂಥದು; ಅಂಗಡಿಯಲ್ಲಿ ಗಿರಾಕಿಗಳೆದುರು ಸೆರಗು ಅಡ್ಡ ಹಿಡಿಯುತ್ತಿದ್ದಳು. ಅವತ್ತು ಹಿಡಿಯಲಿಲ್ಲ. ರುದ್ರಣ್ಣನಿಗೆ ಮಾತ್ರ ಹೊಟ್ಟೆ ತೊಳಸಿ, ಕೆಳಗಿನ ಕೋಣೆಯಲ್ಲಿ ಮಲಗುತ್ತೇನೆಂದು ಇಳಿದುಹೋದ.

ದೋಣಿ ಮತ್ತೆ ಹೊರಟಾಗ ನಾವಿಬ್ಬರೂ ಮುಂದಿನ ಬಲೆಯ ಹತ್ತಿರ ಕೂತೆವು. ಅಜ್ಜಿ ಎದ್ದು ಬಂದವಳೇ ಸರಿಯಾಗಿ ನಮ್ಮಿಬ್ಬರ ನಡುವೆ ಕೂತಳು. ಅಲೆ ಜೋರಾಯಿತು. ಅಜ್ಜಿ ಜೇಬಿಗೆ ಕೈ ಹಾಕಿ ತೆಗೆದದ್ದೇನು ಗೊತ್ತೇ? ನಿಂಬೆಹಣ್ಣು. ತಾನು ಮೂಸಿದಳು, ಗಿರಿಜಾಳ ಮೂಗಿಗೆ ಹಿಡಿದಳು, ಆಮೇಲೆ ನನ್ನ ಮೂಗಿಗೆ. ಗಿರಿಜಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಜೋಗದ ರಸ್ತೆಯೆಲ್ಲ ಒಂದು ಸಲ ಕಣ್ಣ ಮುಂದೆ ಹಾದುಹೋಯಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಗಿರಿಜಾಳ ಹೆಗಲಿಗೆ ಒರಗಿ ನಿದ್ದೆ ಹೋದಳು.

ಆಗ ನನಗೆ ಹೊಳೆಯಿತು. ಸುತ್ತ ಇಷ್ಟು ಜನ ಇದ್ದಾರೆ, ಒಬ್ಬರಿಗೂ ಕನ್ನಡ ಬರುವುದಿಲ್ಲ. ಇದಕ್ಕಿಂತ ಏಕಾಂತ ಇನ್ನೆಲ್ಲಿ ಸಿಗುತ್ತದೆ? ಜನ ಇದ್ದದ್ದರಿಂದ ಧೈರ್ಯವೂ ಬಂತು. ಗಾಳಿಯ ಸದ್ದಿಗೆ ಕೇಳಿಸಲಿ ಎಂದು ಗಟ್ಟಿಯಾಗಿ, ಅಜ್ಜಿಯ ತಲೆಯ ಮೇಲಿನಿಂದ ಹೇಳಿದೆ:

"ಗಿರಿಜಾ, ಅಂಗಡಿ ಬೋರ್ಡಿನ ಮ್ಯಾಗ ನನ್ನ ಹೆಸರೈತಿ. ಆದ್ರ ಬೆಳಿಗ್ಗೆ ಶಟರ್ ಎತ್ತೋ ಹೊತ್ನಾಗ ನೀನು ಪಕ್ಕದಾಗ ಇದ್ರಷ್ಟ ನನಗ ಅದು ನನ್ನ ಅಂಗಡಿ ಅನ್ನಸ್ತೈತಿ. ನಿನ್ನ ಜೋಡಿ ಬದುಕಿದ್ದು ನನಗ ಭಾಳ ಖುಷಿ ಆಗೇತಿ. ಇನ್ನೊಂದು ಜನ್ಮ ಇದ್ರ ನಾನಾ ಚಂದ್ರಗುತ್ತಿಗೆ ಬಂದು ಕೇಳ್ತೀನಿ, ಯಾರನ್ನೂ ಜೋಡಿ ಕರ್ಕೊಂಡು ಬರಂಗಿಲ್ಲ."

ಗಿರಿಜಾ ಸಮುದ್ರದ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಉಪ್ಪುನೀರು ಹಾರುತ್ತಿತ್ತು, ಆದ್ದರಿಂದ ಯಾವ ನೀರು ಅಂತ ನಾನು ಹೇಳಲಾರೆ. ಆಮೇಲೆ ಅಜ್ಜಿಯ ಬೆನ್ನ ಹಿಂದಿನಿಂದ ಕೈ ಚಾಚಿ ನನ್ನ ಕೈ ಹಿಡಿದಳು.

"ಇದನ್ನ ಹೇಳಾಕೆ ಇಷ್ಟ್ ದೂರ ಬರ್ಬೇಕಿತ್ತಾ? ಗೋದಾಮಿನಲ್ಲಿ ಪೈಪಿಗೆ ಹೇಳ್ತಿದ್ರಲ್ಲ, ಅವತ್ತೇ ಕೇಳ್ಸಿತ್ತು ನಂಗೆ" ಅಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ, ನನ್ನ ಮಂಡಿಯ ಪಕ್ಕದಲ್ಲೇ ಏನೋ ಕದಲಿತು. ಕೆಳಗಿನ ಕೋಣೆಗೆ ಗಾಳಿ ಬರಲೆಂದು ಬಲೆಯ ಪಕ್ಕದಲ್ಲೊಂದು ಕಿಟಕಿ ಇತ್ತು, ಅದು ತೆರೆದೇ ಇತ್ತು. ಅದರಿಂದ ಮೊದಲು ಹೊಸ ಟೋಪಿ ಬಂತು, ಆಮೇಲೆ ರುದ್ರಣ್ಣನ ಮುಖ. ಹೊಟ್ಟೆ ತೊಳಸುತ್ತಿದ್ದ ಮುಖವಲ್ಲ ಅದು, ಕಣ್ಣು ಒದ್ದೆಯಾಗಿತ್ತು. ಮೊಬೈಲು ಹಿಡಿದ ಕೈಯನ್ನು ಮೇಲಕ್ಕೆ ಚಾಚಿ, ಬಹಳ ವಿನಯದಿಂದ ಕೇಳಿದ:

"ಬಸಣ್ಣಾರೆ, ಇನ್ನೊಂದ್ಸಲ ಸಾವಕಾಶ ಹೇಳ್ರಿ. ನಮ್ಮ ಮನ್ಯಾಕಿಗೆ ಕಳಸ್ಬೇಕು."

ಏನು ಮಾಡಲಿ, ಹೇಳಿದೆ. ಚಂದ್ರಗುತ್ತಿ ಇದ್ದ ಕಡೆ ಅವನು ಹೆಂಡತಿಯ ತವರು ಹಂಸಭಾವಿ ಅಂತ ಬರೆದುಕೊಂಡ. ಒಳ್ಳೆಯದನ್ನು ಒಬ್ಬನೇ ಇಟ್ಟುಕೊಳ್ಳುವ ಜಾಯಮಾನ ಅವನದೂ ಅಲ್ಲ. ರಾತ್ರಿಯ ಊಟದ ಹೊತ್ತಿಗೆ ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದ ಡೀಲರುಗಳೆಲ್ಲ ತಂತಮ್ಮ ಮಾವನ ಊರಿನ ಹೆಸರು ಹಾಕಿ ನನ್ನ ಮಾತನ್ನು ಕಳಿಸಿಯಾಗಿತ್ತು. ಎಷ್ಟೋ ವರ್ಷ ಒಳಗೇ ಇಟ್ಟುಕೊಂಡಿದ್ದ ಗುಟ್ಟು ಒಂದೇ ದಿನದಲ್ಲಿ ನಾಲ್ಕೈದು ತಾಲ್ಲೂಕು ತಿರುಗಿತು. ಊರಿಗೆ ಬಂದ ಮೇಲೆ ಪೈಪು ಕೊಳ್ಳಲು ಬಂದವರೊಬ್ಬರು ಬೋರ್ಡನ್ನೊಮ್ಮೆ, ಗಿರಿಜಾಳನ್ನೊಮ್ಮೆ ನೋಡಿ ನಕ್ಕರು. ಗಿರಿಜಾ ಸೆರಗು ಅಡ್ಡ ಹಿಡಿಯದೆ ನಕ್ಕಳು.

ಇಷ್ಟಾದರೂ ಬುದ್ಧಿ ಬಂದಿಲ್ಲ ನನಗೆ. ಬರುವ ಭಾನುವಾರ ಇಬ್ಬರೇ ಚಂದ್ರಗುತ್ತಿಗೆ ಹೋಗಿ ಬರೋಣವೆಂದು ಅವಳಿಗೆ ಹೇಳಿದ್ದೇನೆ. ನಮ್ಮದೇ ಕಾರು. ಹೇಳಬೇಕಾದ ಮಾತು ಇನ್ನೂ ಒಂದೆರಡು ಉಳಿದಿವೆ, ಆದರೆ ನಡುವೆ ಯಾರೂ ಇಲ್ಲದಿದ್ದರೆ ಮತ್ತೆ ಗೋದಾಮಿನ ಕಿಟಕಿಯ ವಿಷಯಕ್ಕೇ ಬಂದು ನಿಲ್ಲುತ್ತೇನೆಂಬ ಹೆದರಿಕೆ. ಹಿಂದಿನ ಸೀಟು ಹೇಗೂ ಖಾಲಿ ಹೋಗುತ್ತದೆ. ಬರುವವರಿದ್ದರೆ ಬೆಳಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿರಿ. ಕನ್ನಡ ಬಾರದವರಾದರೆ ಇನ್ನೂ ಒಳ್ಳೆಯದು; ನಿಂಬೆಹಣ್ಣು ನೀವೇ ತನ್ನಿ.